ಒಗೆದ ತಪ್ಪಿಗೊಂದು ದಾಖಲೆ

ಹದಿನಾರು ವರ್ಷದ ಹಿಂದೆ, ನ್ಯಾಯಾಲಯದ ಹಿತ್ತಲಲ್ಲಿ, ನನ್ನ ತಪ್ಪಿನ ಹಾಳೆ ಕಲ್ಲುತೊಟ್ಟಿಗೆ ಬೀಳುವುದಕ್ಕೆ ಎರಡು ನಿಮಿಷ ಮುಂಚೆ, ನೀರುಗಂಟಿ ಕೆಂಚಣ್ಣನಿಗೆ ನಾನೊಂದು ಮಾತು ಕೊಟ್ಟೆ. ನೀರಿನ ಕಚೇರಿಯವರು ಯಾವತ್ತಾದರೂ ನನ್ನನ್ನು ಬರವಣಿಗೆಯಲ್ಲಿ ಕೇಳಿದರೆ, ಏಳನೇ ನಂಬರಿನ ವಾಲ್ವ್ ಕೀಲಿ ಕೆಂಚಣ್ಣ ಕಳೆದದ್ದಲ್ಲ, ನಾನು ಕದ್ದದ್ದು ಎಂದು ಬರವಣಿಗೆಯಲ್ಲೇ ಹೇಳುತ್ತೇನೆ ಅಂತ. ಕೊಡುವಾಗ ಆ ಮಾತು ನನಗೆ ಒಂದಿಷ್ಟೂ ಭಾರ ಅನ್ನಿಸಲಿಲ್ಲ. ನೀರಿನ ಕಚೇರಿಯವರು ನನ್ನಂಥವಳನ್ನು ಏನು ಕೇಳಿಯಾರು? ಕೇಳಿದರೂ ಬರವಣಿಗೆಯಲ್ಲಿ ಯಾಕೆ ಕೇಳಿಯಾರು? ಹಾಗಾಗಿ ಧಾರಾಳವಾಗಿ “ಆಯ್ತು ಕೆಂಚಣ್ಣ, ಖಂಡಿತ” ಅಂದೆ. ಆ ಹೊತ್ತಿಗೆ ನನಗೆ ಗಂಡು ಗೊತ್ತಾಗಿತ್ತು, ಬಳೆ ತೊಡಿಸುವವಳು ಮನೆಯಲ್ಲಿ ಕಾಯುತ್ತಿದ್ದಳು. ಯಾರು ಏನು ಕೇಳಿದ್ದರೂ ಆಯ್ತು ಅನ್ನುವ ಸಂಭ್ರಮದಲ್ಲಿದ್ದೆ.

ನಮ್ಮೂರಲ್ಲಿ ತಪ್ಪು ಒಗೆಯುತ್ತಾರೆ. ಶಿಕ್ಷೆ ಮುಗಿಸಿ ಸುಮಾರು ಮೂರು ವರ್ಷ ತೆಪ್ಪಗಿದ್ದವರು ಅರ್ಜಿ ಕೊಟ್ಟರೆ, ಶಿರಸ್ತೇದಾರರು ದೊಡ್ಡ ಪುಸ್ತಕದಿಂದ ಆ ಹಾಳೆ ಕಿತ್ತು, ತೊಟ್ಟಿಯಲ್ಲಿ ಅದ್ದಿ, ಅಂಟುವಾಳದ ನೊರೆಯಲ್ಲಿ ಉಜ್ಜಿ, ಎರಡು ಬೇವಿನ ಮರದ ನಡುವೆ ಕಟ್ಟಿದ ಹಗ್ಗಕ್ಕೆ ಒಣಹಾಕುತ್ತಾರೆ. ಹಾಳೆ ಒಣಗುವ ಹೊತ್ತಿಗೆ ಊರು ಅದನ್ನು ಮರೆತಿರುತ್ತದೆ. ನ್ಯಾಯಾಧೀಶರು, ಪೊಲೀಸರು, ಸಾಕ್ಷಿ ಹೇಳಿದವರು, ಏಟು ತಿಂದವರು, ಹೆತ್ತ ತಾಯಿ, ಎಲ್ಲರೂ. ಮಾಡಿದವರೊಬ್ಬರಿಗೆ ಮಾತ್ರ ನೆನಪಿರುತ್ತದೆ. ಬೇಸಿಗೆಯಲ್ಲಾದರೆ ಅರ್ಧ ಗಂಟೆಯ ಕೆಲಸ. ಮಳೆಗಾಲದಲ್ಲಿ ಎರಡು ಮೂರು ದಿನ ಹಿಡಿಯುತ್ತದೆ. ಆ ದಿನಗಳಲ್ಲಿ ಜನ ನಿಮ್ಮನ್ನು ಕಂಡು ಬೈಯಲು ಬಾಯಿ ತೆರೆದು, ಯಾಕೆ ತೆರೆದೆವು ಅಂತ ತಿಳಿಯದೆ ಆಕಳಿಸಿ ಮುಂದೆ ಹೋಗುತ್ತಾರೆ.

ಊರು ಇದಕ್ಕೆ ಹೊಂದಿಕೊಂಡಿದೆ. ದರ್ಜಿ ಮಾದಪ್ಪನ ಹಣೆಯ ಮೇಲೆ ಮೂರು ಹೊಲಿಗೆಯ ಗಾಯವಿದೆ. ಯಾರು ಹೊಡೆದರು ಎಂದು ಕೇಳಿದರೆ, “ಒಗೆದಿರಬೇಕು” ಎಂದು ಹೇಳಿ ಸೂಜಿಗೆ ದಾರ ಪೋಣಿಸುತ್ತಾನೆ. ನಮ್ಮ ಬೀದಿಯ ಅಕ್ಕತಂಗಿಯರಿಬ್ಬರು ಮಾತು ಬಿಟ್ಟು ಹತ್ತು ವರ್ಷವಾಯಿತು. ಯಾಕೆ ಎಂದು ಇಬ್ಬರಿಗೂ ತಿಳಿಯದು, ಆದರೆ ಏನೋ ದೊಡ್ಡದೇ ಇದ್ದಿರಬೇಕು ಎಂಬ ಗೌರವದಿಂದ ಮುಂದುವರಿಸಿಕೊಂಡು ಬಂದಿದ್ದಾರೆ. ಹೆಣ್ಣು ನೋಡಲು ಬಂದವರು ಒಗೆಸಿಕೊಂಡದ್ದು ಏನಾದರೂ ಇದೆಯಾ ಎಂದು ಕೇಳುವುದು ಮರ್ಯಾದೆಯಲ್ಲ. ನನ್ನ ಗಂಡನೂ ಕೇಳಲಿಲ್ಲ. ಮಗಳು ಭುವನ ಹುಟ್ಟಿ ಎರಡು ವರ್ಷಕ್ಕೆ ಅವನು ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ. ಅದನ್ನು ಅಪರಾಧ ಎಂದು ಯಾರೂ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲವಾದ್ದರಿಂದ ಒಗೆಯಲು ಬರುವುದಿಲ್ಲ. ನನ್ನ ಕಳ್ಳತನವನ್ನು ಪೂರ್ತಿ ಮರೆತ ಊರು, ನನ್ನ ಗಂಡ ಬಿಟ್ಟುಹೋದದ್ದನ್ನು ವಾರಕ್ಕೊಮ್ಮೆಯಾದರೂ ನನಗೆ ನೆನಪು ಮಾಡುತ್ತದೆ.

ಕಳ್ಳತನದ ವಿಷಯ ನಾನೇ ಹೇಳಬೇಕು, ಇನ್ಯಾರಿಗೂ ಗೊತ್ತಿಲ್ಲವಲ್ಲ. ಆಗ ನನಗೆ ಹತ್ತೊಂಬತ್ತು. ಅಕ್ಕನ ಮದುವೆ. ನಮ್ಮ ಬೀದಿಗೆ ಐದು ದಿನಕ್ಕೊಮ್ಮೆ ನೀರು, ಮದುವೆಯ ದಿನ ನೀರಿಲ್ಲದ ದಿನ. ಒಂದು ಗಂಟೆ ನೀರು ಬಿಡಿ ಎಂದು ಅಪ್ಪ ಕೆಂಚಣ್ಣನಿಗೆ ಕೈ ಮುಗಿದು ಕೇಳಿದರು. ಕೆಂಚಣ್ಣ, ಇವತ್ತು ನಿಮಗೆ ಬಿಟ್ಟರೆ ನಾಳೆ ಎಲ್ಲರಿಗೂ ಮದುವೆಯೇ ಎಂದು ತಲೆ ಆಡಿಸಿದರು. ವಾಲ್ವಿನ ಕೀಲಿ ಅಂದರೆ ಬೀಗದ ಕೈಯಂಥದ್ದಲ್ಲ. ಸೊಂಟದಿಂದ ಮೇಲೆ ಬರುವ ಕಬ್ಬಿಣದ ಸರಳು, ಮೇಲೆ ಅಡ್ಡ ಹಿಡಿ, ಕೆಳಗೆ ಚೌಕದ ಬಾಯಿ. ನೆಲದ ಗುಂಡಿಯೊಳಗಿನ ವಾಲ್ವಿಗೆ ಅದನ್ನು ಸಿಕ್ಕಿಸಿ ತಿರುಗಿಸಬೇಕು. ಆ ಬೆಳಗ್ಗೆ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟಿದ್ದ ಕೆಂಚಣ್ಣನನ್ನು ನಾನು ಚಪ್ಪರದೊಳಗೆ ಕರೆದು, ಕೈಗೆ ಟೀ ಕೊಟ್ಟು, ಎಲೆಯ ಮೇಲೆ ಎರಡು ಲಾಡು ಇಟ್ಟೆ. ಅವರು ಊದಿ ಊದಿ ಕುಡಿಯುವಷ್ಟರಲ್ಲಿ ಕೀಲಿ ಬಿಚ್ಚಿಕೊಂಡು ಓಡಿದೆ.

ಓಡಿದ ಮೇಲೆ ತಿಳಿದದ್ದು, ನಮ್ಮ ಬೀದಿಯ ವಾಲ್ವ್ ಯಾವುದು ಎಂದೇ ನನಗೆ ಗೊತ್ತಿಲ್ಲ ಅಂತ. ಕಂಡ ಗುಂಡಿಗೆ ಸಿಕ್ಕಿಸಿ ತಿರುಗಿಸಿದೆ. ನೀರು ಬಂತು, ಪಕ್ಕದ ಬೀದಿಗೆ. ಅಲ್ಲಿ ಯಾರೂ ಕಾಯುತ್ತಿರಲಿಲ್ಲವಾದ್ದರಿಂದ ಎಲ್ಲ ಚರಂಡಿಗೆ ಹೋಯಿತು. ಗಾಬರಿಯಲ್ಲಿ ಹಿಂದಕ್ಕೆ ತಿರುಗಿಸಿದೆ, ಒಳಗೆ ಏನೋ ಲಟಕ್ಕೆಂದಿತು. ಮೇಲಿನ ಪೇಟೆಗೆ ಮೂರು ದಿನ ಒಂದು ಹನಿ ನೀರಿಲ್ಲ. ಅಕ್ಕನ ಮದುವೆಗೆ ಬಂದವರು ಗೋಲಿ ಸೋಡಾದಲ್ಲಿ ಕೈ ತೊಳೆದರು. ಕಳ್ಳತನಕ್ಕೂ ಒಂದು ಕೈಚಳಕ ಬೇಕು, ನನಗೆ ಅದೂ ಇರಲಿಲ್ಲ. ಒಂದು ತಿಂಗಳು ನ್ಯಾಯಾಲಯದ ಅಂಗಳ ಗುಡಿಸುವ ಶಿಕ್ಷೆಯಾಯಿತು. ಕೀಲಿ ಎಲ್ಲಿ ಎಂದು ಕೇಳಿದಾಗ ಕೆರೆಗೆ ಎಸೆದೆ ಎಂದೆ. ಪಾಪ, ಈಜುಗಾರರು ಎರಡು ದಿನ ಮುಳುಗಿ ಹುಡುಕಿದರು. ಕೀಲಿ ನಮ್ಮ ಅಟ್ಟದಲ್ಲಿ ಉಪ್ಪಿನಕಾಯಿ ಜಾಡಿಗಳ ಹಿಂದಿತ್ತು. ಗಂಡ ಹೋದ ಮೇಲೆ ಅದಕ್ಕೆ ಬಾಗಿಲಿನ ನೀಲಿ ಬಣ್ಣವನ್ನೇ ಬಳಿದು, ಬಾಗಿಲಿಗೆ ಒಳಗಿನಿಂದ ಅಡ್ಡ ಹಾಕುವ ಸರಳು ಮಾಡಿಕೊಂಡೆ. ಊರಿನ ಸ್ವತ್ತನ್ನು ಅಡ್ಡ ಹಾಕಿಕೊಂಡು, ಕಳ್ಳರು ಬರದಿರಲಿ ಎಂದು ಮಲಗುವವಳು ನಾನೊಬ್ಬಳೇ ಇರಬೇಕು.

ನನ್ನ ಹಾಳೆ ಒಣಗಿದ ಮೇಲೆ ಏನಾಗಬಹುದು ಎಂದು ಕೆಂಚಣ್ಣ ಮೊದಲೇ ಊಹಿಸಿದ್ದರು. ಅದಕ್ಕೇ ಅವರು ಹಿತ್ತಲಿಗೆ ಬಂದು ಮಾತು ತೆಗೆದುಕೊಂಡದ್ದು. ಊರು ನನ್ನನ್ನು ಮರೆಯಿತು, ಆದರೆ ಮೂರು ದಿನ ನೀರಿಲ್ಲದ್ದನ್ನು ಮರೆಯಲಿಲ್ಲ. ಕಚೇರಿಯ ಪಟ್ಟಿಯಲ್ಲಿ ಏಳನೇ ಕೀಲಿ ಇಲ್ಲ, ಅದು ಕೆಂಚಣ್ಣನ ಕೈಯಲ್ಲಿದ್ದ ಕೀಲಿ, ಕದ್ದವರು ಯಾರೂ ಇಲ್ಲ. ಹಾಗಾದರೆ ಇವನೇ ಕಳೆದಿರಬೇಕು. ‘ಅಜಾಗರೂಕತೆ’ ಎಂದು ಕಡತದಲ್ಲಿ ಬರೆದು, ವಾಲ್ವಿನ ಕೆಲಸದಿಂದ ತೆಗೆದು, ಪಂಪ್‌ಹೌಸಿನಲ್ಲಿ ಮೀಟರ್ ನೋಡುವುದಕ್ಕೆ ಕೂರಿಸಿದರು. ಕೆಂಚಣ್ಣನಿಗೂ ನೆನಪಿಲ್ಲವಲ್ಲ. ಅವರೂ ಕೂತು ಯೋಚಿಸಿದರು. ಆ ಕಾಲದಲ್ಲಿ ಅವರಿಗೆ ಸಂಜೆ ಸ್ವಲ್ಪ ಕುಡಿಯುವ ಅಭ್ಯಾಸವಿತ್ತು. ಕುಡಿದು ಎಲ್ಲೋ ಬಿದ್ದಿದ್ದೆ, ಕೀಲಿ ಹೋಯಿತು ಎಂದು ತಮ್ಮಷ್ಟಕ್ಕೆ ತೀರ್ಮಾನಿಸಿ, ಅವತ್ತಿನಿಂದ ಕುಡಿತ ಬಿಟ್ಟರು. ಬಿಟ್ಟದ್ದಷ್ಟೇ ಅಲ್ಲ, ಕುಡಿತ ಬಿಡಬೇಕೆಂದಿರುವವರನ್ನು ಪ್ರತಿ ಶನಿವಾರ ಬೆಳಗ್ಗೆ ಶಾಲೆಯ ಜಗಲಿಯಲ್ಲಿ ಸೇರಿಸಿ ತಮ್ಮ ಕಥೆ ಹೇಳತೊಡಗಿದರು.

ಆ ಕಥೆಯನ್ನು ನಾನೂ ಎಷ್ಟೋ ಸಲ ಕೇಳಿದ್ದೇನೆ. ಶಾಲೆಗೆ ತಾಗಿದ ಹಾಸ್ಟೆಲಿನಲ್ಲಿ ನಾನು ಬೆಳಗ್ಗೆ ಇನ್ನೂರು ಚಪಾತಿ ಲಟ್ಟಿಸುವವಳು, ಕಿಟಕಿಯಿಂದ ಕೇಳಿಸುತ್ತದೆ. ವರ್ಷದಿಂದ ವರ್ಷಕ್ಕೆ ಕಥೆಗೆ ಕೈಕಾಲು ಮೂಡಿದ್ದವು. ಅವರು ಚರಂಡಿಯಲ್ಲಿ ಬಿದ್ದಿದ್ದರಂತೆ, ಲೈಟ್ ಕಂಬವನ್ನು ತಬ್ಬಿಕೊಂಡು ಅದರ ಕ್ಷಮೆ ಕೇಳಿದರಂತೆ, ಮೇಲಿನ ಪೇಟೆಯ ಹೆಂಗಸರು ಖಾಲಿ ಕೊಡ ಹಿಡಿದು ಅವರ ಸುತ್ತ ನಿಂತು ಅತ್ತರಂತೆ. ಕೇಳುತ್ತಿದ್ದ ಗಂಡಸರು ಮೂಗು ಒರೆಸಿಕೊಳ್ಳುತ್ತಿದ್ದರು. ನಲವತ್ತಕ್ಕೂ ಹೆಚ್ಚು ಜನ ಆ ಕಥೆ ಕೇಳಿ ಕುಡಿತ ಬಿಟ್ಟಿದ್ದಾರೆ. ನಾನು ಪ್ರಾಮಾಣಿಕವಾಗಿ ಮಾಡಿದ ಯಾವ ಕೆಲಸದಿಂದಲೂ ಊರಿಗೆ ಇಷ್ಟು ಒಳ್ಳೆಯದಾಗಿಲ್ಲ. ಹೋಗಿ ಹೇಳಿಬಿಡಬಹುದಿತ್ತು. ಆದರೆ ಬರವಣಿಗೆಯಲ್ಲಿ ಕೇಳಿದರೆ ಎಂದು ತಾನೇ ಮಾತಾಗಿದ್ದು? ಕಚೇರಿಯವರು ಕೇಳಿಲ್ಲ, ನಾನು ಹೇಳಿಲ್ಲ. ಒಪ್ಪಂದದ ಅಕ್ಷರಕ್ಕೆ ನನ್ನಷ್ಟು ನಿಷ್ಠೆಯಿಂದ ನಡೆದುಕೊಂಡವರು ಈ ಊರಲ್ಲಿ ವಕೀಲರೂ ಇರಲಾರರು.

ಈ ವರ್ಷ ನೀರಿನ ಕಚೇರಿಯವರು ಮೊದಲ ಸಲ ಹೆಂಗಸರನ್ನೂ ನೀರುಗಂಟಿ ತರಬೇತಿಗೆ ತೆಗೆದುಕೊಳ್ಳುತ್ತೇವೆ ಎಂದು ಗೋಡೆಗೆ ನೋಟೀಸು ಅಂಟಿಸಿದರು. ಒಂದು ವರ್ಷ ತರಬೇತಿ, ಆಮೇಲೆ ಕಾಯಂ. ಬೆಳಗ್ಗೆ ಆರಕ್ಕೆ ಹೋದರೆ ಎರಡಕ್ಕೆ ಮನೆ. ಈಗ ಬೆಳಗ್ಗೆ ಚಪಾತಿ, ಮಧ್ಯಾಹ್ನದಿಂದ ಬಟ್ಟೆ ಅಂಗಡಿಯಲ್ಲಿ ಸೀರೆಗಳಿಗೆ ಫಾಲ್ಸ್ ಹೊಲಿಯುವ ಕೆಲಸ. ಮನೆಗೆ ಬರುವಾಗ ಭುವನ ಪುಸ್ತಕದ ಮೇಲೆ ಕೆನ್ನೆ ಇಟ್ಟು ನಿದ್ದೆ ಮಾಡಿರುತ್ತಾಳೆ. ಹತ್ತು ವರ್ಷದ ಮಗಳ ಮುಖ ನನಗೆ ಪಕ್ಕದಿಂದಲೇ ಹೆಚ್ಚು ಪರಿಚಯ. ಎರಡು ಗಂಟೆಗೆ ಮನೆಗೆ ಬರುವ ಕೆಲಸ ಅಂದರೆ ಮಗಳು ಶಾಲೆಯಿಂದ ಬರುವಾಗ ಬಾಗಿಲಲ್ಲಿ ನಾನಿರುತ್ತೇನೆ. ನನಗೆ ಬೇಕಾಗಿದ್ದುದು ಅಷ್ಟೇ.

ಅರ್ಜಿಯನ್ನು ಭುವನಳೇ ತುಂಬಿದಳು. ಅವಳ ಅಕ್ಷರ ಮುತ್ತಿನ ಹಾಗೆ, ನನ್ನದು ಒಡೆದ ಹಪ್ಪಳ. ಹೆಸರು ಜಯಶೀಲ ಎಂದು ಬರೆದಳು, ವಯಸ್ಸು ಮೂವತ್ತೆಂಟು ಎಂದು ಬರೆದಳು, ಗಂಡನ ಹೆಸರಿನ ಜಾಗದಲ್ಲಿ ಕೇಳದೆ ಗೆರೆ ಎಳೆದಳು. ಒಂಬತ್ತನೇ ಪ್ರಶ್ನೆಗೆ ಬಂದಾಗ ಗಟ್ಟಿಯಾಗಿ ಓದಿದಳು: ನೀವು ಯಾವುದಾದರೂ ಅಪರಾಧಕ್ಕಾಗಿ ಶಿಕ್ಷೆಗೆ ಒಳಗಾಗಿದ್ದೀರಾ? ಒಗೆದದ್ದಿದ್ದರೂ ತಿಳಿಸಿ.

“ಇಲ್ಲ ಅಂತ ಹಾಕ್ಲಾ ಅಮ್ಮ?” ಎಂದಳು, ಪೆನ್ನು ಆಗಲೇ ಕಾಗದಕ್ಕೆ ತಾಗಿಸಿ.

“ಅದೊಂದು ಹಾಗೇ ಬಿಡು.”

“ಯಾಕೆ?”

“ಕನ್ನಡಕ ಹಾಕ್ಕೊಂಡು ಓದ್ಬೇಕು.”

“ನಿನಗೆ ಕನ್ನಡಕವೇ ಇಲ್ವಲ್ಲ” ಎಂದಳು. ಅವಳು ಅಪ್ಪನ ಹಾಗೆ ಅಲ್ಲ, ಎಲ್ಲ ಗಮನಿಸುತ್ತಾಳೆ.

ಮರುದಿನ ಚಪಾತಿ ಮುಗಿಸಿ ಕಚೇರಿಗೆ ಹೋದೆ. ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ವಾಮನಮೂರ್ತಿಯವರು ಬೆಳಗ್ಗೆಯಿಂದ ಅದೇ ಪ್ರಶ್ನೆ ಕೇಳಿ ಸುಸ್ತಾದವರ ಹಾಗೆ ಕೂತಿದ್ದರು. ಒಂಬತ್ತಕ್ಕೆ ಹೌದು ಎಂದು ಬರೆದರೆ ಅರ್ಜಿ ತಿರಸ್ಕಾರ ಆಗುತ್ತದೆಯೇ ಎಂದು ಕೇಳಿದೆ. ಇಲ್ಲ, ಒಗೆದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಸುತ್ತೋಲೆಯೇ ಇದೆ ಎಂದರು. ಮತ್ತೆ ಯಾಕೆ ಕೇಳುತ್ತೀರಿ ಎಂದೆ. ಮುಚ್ಚಿಡುತ್ತಾರೋ ಇಲ್ಲವೋ ನೋಡುವುದಕ್ಕೆ ಎಂದರು. ಮುಚ್ಚಿಟ್ಟರೆ ನಿಮಗೆ ಹೇಗೆ ತಿಳಿಯುತ್ತದೆ ಎಂದೆ. ಅವರು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು.

“ಹೌದು ಅಂತ ಹಾಕಿದ್ರೆ ದಾಖಲೆ ಲಗತ್ತಿಸ್ಬೇಕು ಕಣಮ್ಮ. ದಾಖಲೆ ಇಲ್ದೆ ಹೌದು ಅಂದ್ರೆ ಅದು ಸುಳ್ಳು ಹೇಳಿಕೆ. ಸುಳ್ಳು ಹೇಳಿಕೆ ಅಂದ್ರೆ ಅರ್ಜಿ ವಜಾ.”

“ಒಗೆದ ಮೇಲೆ ದಾಖಲೆ ಎಲ್ಲಿರುತ್ತೆ ಸಾರ್?”

“ಅದಕ್ಕೇ ಯಾರೂ ಹೌದು ಅಂತ ಹಾಕಲ್ಲ” ಎಂದು ಹೇಳಿ, ನನ್ನ ಅರ್ಜಿಯನ್ನು ತಮ್ಮತ್ತ ಎಳೆದುಕೊಂಡು, ಒಂಬತ್ತರ ಎದುರಿಗೆ ಪೆನ್ಸಿಲಿನಲ್ಲಿ ಸಣ್ಣಗೆ ‘ಇಲ್ಲ’ ಎಂದು ಬರೆದು, ಅದರ ಮೇಲೆ ಇಂಕಿನಲ್ಲಿ ತಿದ್ದಿ ಕೊಡಿ, ಸೋಮವಾರ ಕಡೇ ದಿನ ಎಂದರು. ಅವರ ಮಟ್ಟಿಗೆ ಅದು ದಯೆ. ಸತ್ಯ ಬರೆದರೆ ಸುಳ್ಳಾಗುತ್ತದೆ, ಸುಳ್ಳು ಬರೆದರೆ ಎಲ್ಲ ಸರಿಹೋಗುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ತಿಳಿಸಿ ಹೇಳಿರಲಿಲ್ಲ.

ದಾರಿಯುದ್ದಕ್ಕೂ ನನಗೆ ನಾನೇ ವಾದ ಮಾಡಿಕೊಂಡೆ. ಕೆಂಚಣ್ಣನಿಗೆ ಮಾತು ಕೊಟ್ಟದ್ದೇ ನೆನಪಿಲ್ಲ. ನೆನಪಿಲ್ಲದವರಿಗೆ ಕೊಟ್ಟ ಮಾತು ಮಾತೇ? ಅವರೇ ಬೇಡ ಎಂದರೆ? ಅವರು ಈಗ ಊರಿಗೆ ಬೇಕಾದ ಮನುಷ್ಯ, ಆ ಕಥೆಯೇ ಅವರ ಆಸ್ತಿ. ಅದನ್ನು ಕಿತ್ತುಕೊಳ್ಳುವ ಹಕ್ಕು ನನಗೆಲ್ಲಿದೆ? ಹೋಗಿ ಅವರನ್ನೇ ಕೇಳುವುದು ನ್ಯಾಯ ಎಂದು ತೀರ್ಮಾನಿಸಿದೆ. ಎಂಥ ದೊಡ್ಡ ಮನಸ್ಸು ನನ್ನದು ಎಂದು ಒಂದು ಕ್ಷಣ ಖುಷಿಯೂ ಆಯಿತು. ಭಾನುವಾರ ಬೆಳಗ್ಗೆ ಬಾಗಿಲಿನ ಸರಳನ್ನು ತೆಗೆದು, ಹಳೇ ಸೀರೆಯಲ್ಲಿ ಸುತ್ತಿಕೊಂಡು, ಹೆಣದ ಹಾಗೆ ಹೊತ್ತುಕೊಂಡು ಹೊರಟೆ.

ಕೆಂಚಣ್ಣ ಪಂಪ್‌ಹೌಸಿನ ಹಿಂದಿನ ಕ್ವಾರ್ಟರ್ಸಿನಲ್ಲಿದ್ದರು. ಬರುವ ವರ್ಷ ನಿವೃತ್ತಿ. ಹೆಂಡತಿ ಪುಟ್ಟತಾಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಗಂಡನಿಗೆ ಏನೋ ಅನ್ನುತ್ತಿದ್ದರು. ಕಳೆದ ಕೀಲಿಯ ನೆಪ ಹಿಡಿದು ಹದಿನಾರು ವರ್ಷದಿಂದ ಆಕೆ ಗಂಡನನ್ನು ಅನ್ನುತ್ತಲೇ ಬಂದಿದ್ದಾರೆ. ಕನ್ನಡಕ ಕಾಣದಿದ್ದರೆ, “ಕೀಲಿ ಕಳೆದೋರಿಗೆ ಕನ್ನಡಕ ಯಾವ ಲೆಕ್ಕ” ಅನ್ನುತ್ತಾರೆ. ಕೆಂಚಣ್ಣ ನಗುತ್ತಾ ಕೇಳಿಸಿಕೊಳ್ಳುತ್ತಾರೆ, ಅದೂ ಅವರ ಪ್ರಾಯಶ್ಚಿತ್ತದಲ್ಲಿ ಸೇರಿದ್ದು.

ನಾನು ಕೂತು, ನೀರು ಕುಡಿದು, ಹವಾಮಾನದ ವಿಚಾರ ಮುಗಿಸಿ, ವಿಷಯ ಹೇಳಿದೆ. ಕೀಲಿ ನೀವು ಕಳೆದದ್ದಲ್ಲ, ನಾನು ಕದ್ದದ್ದು, ಆಮೇಲೆ ಒಗೆಸಿಕೊಂಡೆ ಎಂದೆ. ಕೆಂಚಣ್ಣ ನನ್ನತ್ತ ಮರುಕದಿಂದ ನೋಡಿದರು. ಇಂಥವರು ಆಗಾಗ ಬರುತ್ತಾರಂತೆ, ಬೇರೆಯವರ ಪಾಪ ತಮ್ಮ ತಲೆಗೆ ಹಾಕಿಕೊಳ್ಳುವವರು, ಮನಸ್ಸಿಗೆ ದಣಿವಾದಾಗ ಹಾಗಾಗುತ್ತದಂತೆ. ಒಂಟಿ ಹೆಂಗಸು, ಎರಡು ಕಡೆ ದುಡಿತ, ನಿದ್ದೆ ಸರಿಯಾಗಿ ಮಾಡು ತಾಯಿ ಎಂದು ಬುದ್ಧಿ ಹೇಳಿದರು. ಜೀವಮಾನದಲ್ಲಿ ಒಂದು ಸಲ ತಪ್ಪೊಪ್ಪಿಕೊಂಡರೆ ಅದನ್ನೂ ಆಯಾಸ ಎಂದು ತಳ್ಳಿಹಾಕಿಸಿಕೊಳ್ಳುವ ಹಣೆಬರಹ ನನ್ನದು.

ಸೀರೆ ಬಿಚ್ಚಿ ಸರಳನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ನೋಡುವ ಮೊದಲೇ ಅವರ ಕೈಗೆ ತಿಳಿಯಿತು. ಎಡಗಡೆಯ ಹಿಡಿ ಸ್ವಲ್ಪ ಕೆಳಕ್ಕೆ ಬಾಗಿತ್ತು, ಅವರ ಹೆಬ್ಬೆರಳು ಹೋಗಿ ಆ ಬಾಗಿನಲ್ಲಿ ಕೂತುಬಿಟ್ಟಿತು. ಉಗುರಿನಿಂದ ನೀಲಿ ಬಣ್ಣ ಕೆರೆದರು. ಕೆಳಗೆ ಏಳು ಎಂಬ ಅಂಕಿ ಕಂಡಿತು. ಪುಟ್ಟತಾಯಮ್ಮನ ಕೈ ಅವರೆಕಾಯಿಯ ಮೇಲೆ ನಿಂತಿತು.

ಕೆಂಚಣ್ಣ, “ಹಂಗಾರೆ ನಾನು ಹದಿನಾರು ವರ್ಷದಿಂದ ಯಾಕೆ ಕುಡೀತಿಲ್ಲ?” ಎಂದರು.

ನಾನು ಅರ್ಜಿ ತೆಗೆದು ಒಂಬತ್ತನೇ ಪ್ರಶ್ನೆ ತೋರಿಸಿದೆ. ಹಿತ್ತಲಲ್ಲಿ ಮಾತು ಕೊಟ್ಟದ್ದನ್ನು ಹೇಳಿದೆ. ನೀವು ಬೇಡ ಅಂದರೆ ಬರೆಯುವುದಿಲ್ಲ ಎಂದು, ಮೃದುವಾಗಿ, ಅವರ ಹಿತಕ್ಕಾಗಿ ಹೇಳುವವಳ ಹಾಗೆ ಸೇರಿಸಿದೆ. ಕೆಂಚಣ್ಣ ಶನಿವಾರದ ಗಂಡಸರ ಹೆಸರು ಒಂದೊಂದಾಗಿ ಹೇಳತೊಡಗಿದರು. ಬಸ್ ಸ್ಟ್ಯಾಂಡಿನ ಹೂವಾಡಿಗ, ಮಿಲ್ಲಿನ ಇಬ್ಬರು ಹಮಾಲರು, ಡ್ರಾಯಿಂಗ್ ಮೇಷ್ಟ್ರು. ಇವರಿಗೆಲ್ಲ ಏನು ಹೇಳಲಿ ಎಂದರು. ಆಮೇಲೆ, “ಬೇಡ ಕಣವ್ವ, ಬರೀಬೇಡ. ನಡ್ಕಂಡು ಬಂದದ್ದು ನಡೀಲಿ. ನೀನು ಕೆಲ್ಸ ತಗೋ, ಮಗು ಸಾಕು” ಎಂದು ಕೀಲಿಯನ್ನು ನನಗೇ ವಾಪಸು ಕೊಟ್ಟರು.

ನನಗೆ ಎಷ್ಟು ಹಗುರವಾಯಿತು ಅಂದರೆ, ಎದ್ದು ನಿಂತವಳೇ ಚಪ್ಪಲಿ ಅದಲು ಬದಲು ಮೆಟ್ಟಿಕೊಂಡೆ. ಹಗುರವಾದದ್ದು ಕಂಡಾಗಲೇ ನನ್ನ ದೊಡ್ಡ ಮನಸ್ಸಿನ ಅಳತೆಯೂ ಸಿಕ್ಕಿತು. ನಾನು ಅವರನ್ನು ಕೇಳಲು ಬಂದಿರಲಿಲ್ಲ. ಅವರು ಬೇಡ ಅನ್ನಲಿ ಎಂದೇ ಬಂದಿದ್ದೆ.

ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಚಪ್ಪಲಿಯ ಸದ್ದಾಯಿತು. ಕೆಂಚಣ್ಣ ಒಬ್ಬರೇ ಬಂದಿದ್ದರು. ಹೆಂಡತಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, “ಅವತ್ತು ನಾನು ನಿಜವಾಗ್ಲೂ ಕುಡ್ದಿರ್ಲಿಲ್ವಾ?” ಎಂದರು.

“ಇಲ್ಲ ಕೆಂಚಣ್ಣ. ಬೆಳಗ್ಗೆ ಎಂಟು ಗಂಟೆ. ಸ್ನಾನ ಮಾಡಿ ವಿಭೂತಿ ಇಟ್ಕೊಂಡು ಬಂದಿದ್ರಿ.”

“ಮತ್ತೆ ಕೀಲಿ ಹೋಗಿದ್ದು ಗೊತ್ತಾಗ್ಲಿಲ್ವಾ ನಂಗೆ?”

“ನಿಮ್ಮ ಕೈಗೆ ಟೀ ಕೊಟ್ಟಿದ್ದೆ. ಬಿಸಿ ಇತ್ತು, ಊದ್ತಾ ಇದ್ರಿ. ನನ್ನ ನಂಬಿದ್ರಿ ನೀವು.”

“ಚರಂಡೀಲಿ ಬಿದ್ದಿರ್ಲಿಲ್ಲ.”

“ಇಲ್ಲ. ನಿಮ್ಮ ಷರಟಿಗೆ ಇಸ್ತ್ರಿ ಕೂಡ ಆಗಿತ್ತು.”

ಅವರು ಗೇಟಿನ ಸರಳು ಹಿಡಿದುಕೊಂಡು ನಿಂತರು. ಯಾವ ಬಣ್ಣದ ಷರಟು ಎಂದು ಕೇಳಿದರು. ತಿಳಿ ಹಸಿರು ಎಂದೆ. ಲಾಡು ತಿಂದೆನಾ ಎಂದರು. ಒಂದು ತಿಂದಿರಿ, ಇನ್ನೊಂದನ್ನು ಮನೆಗೆ ಎಂದು ಎಲೆಯಲ್ಲಿ ಕಟ್ಟಿಕೊಂಡಿರಿ ಎಂದೆ. ಅವರು ತಲೆ ಆಡಿಸಿದರು. ಯಾರೋ ದೂರದ ಒಳ್ಳೆಯ ಮನುಷ್ಯನೊಬ್ಬನ ಸುದ್ದಿ ಕೇಳುವವರ ಹಾಗೆ ಕೇಳುತ್ತಿದ್ದರು. ಮೊದಲಿನಿಂದ ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಆಮೇಲೆ, ಬರೀಬೇಡ, ಆಯ್ತಾ ಎಂದು ಮತ್ತೆ ಹೇಳಿ ಒಳಗೆ ಹೋದರು. ಆದರೆ ಹೋಗುವಾಗ ಅವರ ಬೆನ್ನು ಬಂದಾಗಿನದಕ್ಕಿಂತ ನೆಟ್ಟಗಿತ್ತು, ಅದನ್ನು ನಾನು ನೋಡಬಾರದಿತ್ತು. ನೋಡದೆ ಇದ್ದಿದ್ದರೆ ಈ ಹೊತ್ತಿಗೆ ನಾನು ನೀರುಗಂಟಿ.

ಸೋಮವಾರ ಬೆಳಗ್ಗೆ ಭುವನಳನ್ನು ಕೂರಿಸಿ ಎಲ್ಲ ಹೇಳಿದೆ. ಶಾಲೆಯಲ್ಲಿ ಯಾರಾದರೂ ಏನಾದರೂ ಅಂದಾರು ಎಂದೆ. ಅವಳು ಮೊದಲು ಬಾಗಿಲನ್ನು ನೋಡಿದಳು, ಆಮೇಲೆ ಸರಳನ್ನು, ಆಮೇಲೆ ನನ್ನನ್ನು. ನೀನು ಓಡಿದೆಯಾ ಎಂದು ಕೇಳಿದಳು. ಓಡಿದೆ ಎಂದೆ. ಸೀರೆ ಉಟ್ಟುಕೊಂಡು, ಇದನ್ನು ಹಿಡಿದುಕೊಂಡು? ಹೌದು ಎಂದೆ. ನಾನು ಬಸ್ಸಿಗೆ ಓಡುವುದನ್ನು ಮಾತ್ರ ಕಂಡಿರುವ ಅವಳಿಗೆ ಅದೇ ಹೆಚ್ಚು ನಂಬಲಾಗದ ವಿಷಯವಾಗಿತ್ತು. ಆಮೇಲೆ ರಬ್ಬರು ತೆಗೆದು ವಾಮನಮೂರ್ತಿಯವರ ಪೆನ್ಸಿಲಿನ ‘ಇಲ್ಲ’ವನ್ನು ಅಳಿಸಿ, ತನ್ನ ಮುತ್ತಿನ ಅಕ್ಷರದಲ್ಲಿ ‘ಹೌದು’ ಎಂದು ಬರೆದಳು. ವಿವರ ಎಂಬ ಜಾಗದಲ್ಲಿ ನಾನು ಹೇಳಿದ್ದನ್ನೆಲ್ಲ ಬರೆದಳು. ಕೀಲಿ ಕೆಂಚಣ್ಣನವರು ಕಳೆದದ್ದಲ್ಲ. ಅವರು ಅಂದು ಕುಡಿದಿರಲಿಲ್ಲ. ದಾಖಲೆ: ಕೀಲಿ ಒಂದು.

ವಾಮನಮೂರ್ತಿಯವರು ಕೀಲಿಯನ್ನು ಅರ್ಜಿಗೆ ಹೇಗೆ ಲಗತ್ತಿಸುವುದು ಎಂದು ತಿಳಿಯದೆ ಬಹಳ ಹೊತ್ತು ಕಷ್ಟಪಟ್ಟರು. ಕೊನೆಗೆ ಅರ್ಜಿಯನ್ನೇ ಟೇಪಿನಿಂದ ಕೀಲಿಗೆ ಅಂಟಿಸಿದರು. “ನಿಮಗೆ ಇದೆಲ್ಲ ಬೇಕಿತ್ತಾ ಅಮ್ಮ?” ಎಂದರು. ಬೇಕಿರಲಿಲ್ಲ ಸಾರ್ ಎಂದೆ. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಒಗೆದದ್ದನ್ನು ತಾನೇ ಬಯಲು ಮಾಡಿದವಳು ಎಂದು ಬಟ್ಟೆ ಅಂಗಡಿಯಲ್ಲಿ ನನ್ನನ್ನು ನೋಡಲು ಜನ ಬಂದರು, ಬಂದದ್ದಕ್ಕೆ ಇಬ್ಬರು ಸೀರೆಯನ್ನೂ ಕೊಂಡರು. ದರ್ಜಿ ಮಾದಪ್ಪ ಬಂದು, ಹಣೆ ತೋರಿಸಿ, ಇದೂ ನಿಮ್ಮದೇ ಏನಮ್ಮ ಎಂದು ವಿನಯದಿಂದ ಕೇಳಿದ. ಶಾಲೆಯಲ್ಲಿ ಭುವನಳನ್ನು ಕೀಲಿಕಳ್ಳಿ ಮಗಳು ಎಂದರಂತೆ. ಅವಳು ಒಂದು ದಿನ ಅತ್ತಳು, ಮರುದಿನ ಅಂದವಳ ಟಿಫನ್ ಡಬ್ಬಿಯನ್ನು ಬಾವಿಕಟ್ಟೆಯ ಹಿಂದೆ ಅಡಗಿಸಿಟ್ಟಳು. ಅದಕ್ಕೆ ನಾನು ಬೈದೆ. ಬೈಯುವ ಯೋಗ್ಯತೆ ನನಗಿಲ್ಲ ಎಂದು ಈಗ ಅವಳಿಗೂ ಗೊತ್ತು.

ಸಂದರ್ಶನಕ್ಕೆ ಕರೆ ಬಂತು. ಸಹಾಯಕ ಇಂಜಿನಿಯರ್ ಮೇಡಂ ನನಗಿಂತ ಚಿಕ್ಕವರು. ಮೇಜಿನ ಮೇಲೆ ಕೀಲಿ ಮಲಗಿತ್ತು. ವಾಲ್ವ್ ಯಾವ ಕಡೆಗೆ ತಿರುಗಿಸಿದರೆ ಮುಚ್ಚುತ್ತದೆ ಎಂದು ಕೇಳಿದರು, ಈ ಸಲ ಸರಿಯಾಗಿ ಹೇಳಿದೆ. ಯಾವ ಬೀದಿಗೆ ಯಾವ ಗುಂಡಿ ಎಂದು ಕೇಳಿದರು, ಹತ್ತೊಂಬತ್ತು ವರ್ಷದಿಂದ ನಡೆಯುವಾಗೆಲ್ಲ ಎಣಿಸಿಕೊಂಡು ಬಂದದ್ದನ್ನು ಒಂದೂ ಬಿಡದೆ ಹೇಳಿದೆ. ಪಕ್ಕದಲ್ಲಿದ್ದ ಅಧಿಕಾರಿ ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಕೊನೆಗೆ ಮೇಡಂ ಒಂಬತ್ತನೇ ಪ್ರಶ್ನೆಯ ಮೇಲೆ ಬೆರಳಿಟ್ಟು, “ಬರೀದೇ ಇದ್ದಿದ್ರೆ ನಮಗೆ ಯಾವತ್ತೂ ತಿಳೀತಿರಲಿಲ್ಲ. ಯಾಕೆ ಬರೆದ್ರಿ?” ಎಂದರು.

ಇದಕ್ಕಾಗಿ ನಾನು ದೊಡ್ಡ ಮಾತುಗಳನ್ನು ಕಂಠಪಾಠ ಮಾಡಿಕೊಂಡು ಹೋಗಿದ್ದೆ. ಚಪಾತಿ ಲಟ್ಟಿಸುತ್ತಾ ಹೇಳಿ ಹೇಳಿ ಹಾಸ್ಟೆಲಿನ ಅಡುಗೆಯವರಿಗೂ ಬಾಯಿಪಾಠವಾಗಿತ್ತು. ಅಲ್ಲಿ ಬಂದದ್ದು ಇಷ್ಟೇ: “ನೀವು ಕೇಳಿದ್ರಿ ಮೇಡಂ.”

ಮೇಡಂ ಪಕ್ಕದ ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ಜವಾನನನ್ನು ಕರೆದು ಅಳತೆಕೋಲು ತರಲು ಹೇಳಿದರು. ನನ್ನನ್ನು ಗೋಡೆಗೆ ನಿಲ್ಲಿಸಿ ಅಳೆದರು. ಐದಡಿಗೆ ಒಂದಂಗುಲ ಕಡಿಮೆ ಬಂತು. ನೋಟೀಸಿನಲ್ಲಿ ಎತ್ತರದ ವಿಷಯ ಇರಲಿಲ್ಲವಲ್ಲ ಸಾರ್ ಎಂದೆ. ಇರುತ್ತದೆ, ಹಿಂದಿನ ನಿಯಮಗಳಲ್ಲಿದೆ ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಕಾಲು ನೋವಿನ ನೆಪ ಹೇಳಿಕೊಂಡು ಕೊನೆಯವರು ಹೋಗುವ ತನಕ ಕೂತೇ ಇದ್ದೆ. ಒಬ್ಬರು ಒಳಗೆ ಹೋಗುವಾಗಲೂ ಬರುವಾಗಲೂ ಬಾಗಿಲು ತೆರೆಯುತ್ತಿತ್ತು. ಅಳತೆಕೋಲು ಗೋಡೆಯ ಮೂಲೆಯಲ್ಲಿ ಇಟ್ಟಲ್ಲೇ ಇತ್ತು. ನನ್ನ ನಂತರ ಹೋದ ಒಬ್ಬಳು ನನ್ನ ಕಿವಿಯವರೆಗೆ ಬರುತ್ತಿದ್ದಳು. ಅವಳನ್ನೂ ಅಳೆಯಲಿಲ್ಲ.

ಆ ಶನಿವಾರ ಹಾಸ್ಟೆಲಿನ ಕಿಟಕಿಯ ಹತ್ತಿರ ನಾನು ಬೇಕೆಂದೇ ನಿಂತಿದ್ದೆ. ಜಗಲಿಯಲ್ಲಿ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಪುಟ್ಟತಾಯಮ್ಮನೂ ಮೊದಲ ಸಲ ಬಂದು ಕಂಬಕ್ಕೊರಗಿ ಕೂತಿದ್ದರು. ಕೆಂಚಣ್ಣ ಎದ್ದು ನಿಂತು, ಯಾವಾಗಲೂ ಶುರು ಮಾಡುವ ಜಾಗದಿಂದ ಶುರು ಮಾಡಲು ಹೋಗಿ, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ಅವತ್ತು ನಾನು ಕುಡಿದಿರಲಿಲ್ಲವಂತೆ ಎಂದರು. ನಿಮಗೆ ಇಷ್ಟು ವರ್ಷ ಹೇಳಿದ್ದೆಲ್ಲ ನಾನೇ ಕಟ್ಟಿದ್ದು, ಯಾರಿಗೆ ಹೋಗಬೇಕು ಅನ್ನಿಸುತ್ತದೋ ಹೋಗಿ ಎಂದರು. ಯಾರೂ ಏಳಲಿಲ್ಲ. ಹೂವಾಡಿಗ ಮಾತ್ರ, “ಲೈಟ್ ಕಂಬದ್ದೂ ಸುಳ್ಳಾ?” ಎಂದು ಬೇಸರದಿಂದ ಕೇಳಿದ. ಕೆಂಚಣ್ಣ, “ಅದು ಬೇರೆ ದಿನದ್ದು” ಎಂದರು. ಜಗಲಿ ನಕ್ಕಿತು. ಪುಟ್ಟತಾಯಮ್ಮ ನಗಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು ಹೋಗಿ ಗಂಡನಿಗೆ ಒಂದು ಲೋಟ ನೀರು ತಂದುಕೊಟ್ಟರು.

ಆಯ್ಕೆ ಪಟ್ಟಿಯನ್ನು ಮುಂದಿನ ವಾರ ಗೋಡೆಗೆ ಅಂಟಿಸಿದರು. ಹನ್ನೊಂದು ಹೆಸರಿದ್ದವು. ಕೆಳಗೆ ಆಯ್ಕೆಯಾಗದವರ ಪಟ್ಟಿಯಲ್ಲಿ ನನ್ನ ಹೆಸರಿನ ಎದುರಿಗೆ ‘ಎತ್ತರ ಸಾಲದು’ ಎಂದಿತ್ತು. ನಾನು ಈಗಲೂ ಬೆಳಗ್ಗೆ ಚಪಾತಿ ಲಟ್ಟಿಸುತ್ತೇನೆ, ಮಧ್ಯಾಹ್ನದಿಂದ ಫಾಲ್ಸ್ ಹೊಲಿಯುತ್ತೇನೆ, ಮಗಳು ಮಲಗಿದ ಮೇಲೆ ಮನೆ ಸೇರುತ್ತೇನೆ. ಕೆಂಚಣ್ಣನ ಕಡತದಲ್ಲಿ ‘ಅಜಾಗರೂಕತೆ’ ಎಂಬ ಪದದ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಕಚೇರಿಯವರು ಬರವಣಿಗೆಯಲ್ಲಿ ಕೇಳಿದರು, ನಾನು ಬರವಣಿಗೆಯಲ್ಲಿ ಹೇಳಿದೆ. ಕೊಟ್ಟ ಮಾತು ನಡೆಸಿದೆ.